ಹನ್ನೊಂದನೆಯ ಅಂತಸ್ತಿನ ಕಿಟಕಿ

ಗೋಕಾಕದ ಅತಿ ಎತ್ತರದ ಕಟ್ಟಡ ನಮ್ಮ ಮನೆಯ ಕಪಾಟಿನ ಮೇಲಿದೆ ಎಂದರೆ ನೀವು ನಗುತ್ತೀರಿ. ನಗಿರಿ, ಬೇಸರವಿಲ್ಲ. ಹನ್ನೊಂದು ಅಂತಸ್ತು, ಎರಡು ಲಿಫ್ಟು, ನೆತ್ತಿಯ ಮೇಲೊಂದು ನೀರಿನ ಟಾಕಿ, ಎಲ್ಲವೂ ಸುರುಳಿ ಸುತ್ತಿಸಿಕೊಂಡು, ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಅಲ್ಲಿ ಮಲಗಿವೆ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ನನ್ನ ಹೆಂಡತಿ ಇಡೀ ಕಟ್ಟಡವನ್ನು ಕಂಕುಳಲ್ಲಿ ಇಟ್ಟುಕೊಂಡು ಹಿತ್ತಲಿಗೆ ಹೋಗಿ ಕೊಡವಿ ತರುತ್ತಾಳೆ.

ನಾನು ನಕಾಶೆ ಬರೆಯುವವನು. ಇಂಜಿನಿಯರ್ ಅಲ್ಲ, ಇಂಜಿನಿಯರರು ಸಹಿ ಹಾಕುವ ಕಾಗದದ ಮೇಲೆ ಗೆರೆ ಎಳೆಯುವವನು. ಹುಕ್ಕೇರಿಯಿಂದ ಮೂಡಲಗಿಯವರೆಗೆ ನನ್ನ ಗೆರೆಗಳ ಮೇಲೆ ಎದ್ದ ಮನೆಗಳಲ್ಲಿ ಜನ ಉಂಡು ಮಲಗುತ್ತಾರೆ, ಕೊಟ್ಟಿಗೆಗಳಲ್ಲಿ ಎಮ್ಮೆಗಳು ಮೆಲುಕು ಹಾಕುತ್ತವೆ. ಯಾವುದೂ ಎರಡು ಅಂತಸ್ತು ದಾಟಿದ್ದಲ್ಲ. ಎತ್ತರದ ವಿಷಯದಲ್ಲಿ ನಮ್ಮೂರಿನದೇ ಒಂದು ರೀತಿ. ಇಲ್ಲಿ ಎತ್ತರಕ್ಕೆ ಹೆಸರಾದದ್ದು ಜಲಪಾತ. ಏರುವುದನ್ನಲ್ಲ, ಬೀಳುವುದನ್ನು ನೋಡಲು ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ನನ್ನ ಕಟ್ಟಡದ ಹಣೆಬರಹ ನನಗೆ ಆಗಲೇ ಹೊಳೆಯಬೇಕಿತ್ತು.

ಬಸ್ ಸ್ಟ್ಯಾಂಡಿನ ಬಾಜೂಕ್ಕೆ ಗೋವಿನಜೋಳದ ಸಾವ್ಕಾರರೊಬ್ಬರ ಖಾಲಿ ಜಾಗವಿತ್ತು. ಮೊದಲು ಅವರು ಕೇಳಿದ್ದು ಐದೇ ಅಂತಸ್ತು. ನಾನು ಬರೆದು ಮುಗಿಸುವಷ್ಟರಲ್ಲಿ ಹುಕ್ಕೇರಿಯ ಅವರ ಬೀಗರು ತಾವು ಆರು ಕಟ್ಟುವುದಾಗಿ ಸಂತೆಯಲ್ಲಿ ಹೇಳಿಕೊಂಡರಂತೆ. ಸಾವ್ಕಾರರು ಏಳು ಬರೆಸಿದರು. ಅಲ್ಲಿ ಎಂಟಾಯಿತು. ಇಲ್ಲಿ ಒಂಬತ್ತಾಯಿತು. ಎರಡೂ ಊರಲ್ಲಿ ಒಂದು ಇಟ್ಟಿಗೆಯೂ ಬೀಳದೆ ಕಟ್ಟಡಗಳು ಹೀಗೆ ಬೆಳೆಯುತ್ತ ಹೋದವು. ನಾವು ಹನ್ನೊಂದಕ್ಕೆ ಮುಟ್ಟಿದಾಗ ಬೀಗರು ಹತ್ತಕ್ಕೇ ಸುಮ್ಮನಾದರು. ಸಾವ್ಕಾರರು ಆ ದಿನ ನನಗೆ ಕರದಂಟು ತಿನ್ನಿಸಿದರು.

ಆ ಖುಷಿಯಲ್ಲೇ ನಾನು ತುಕ್ಕಾನಟ್ಟಿಗೆ ಹೋಗಿ ಅಕ್ಕನ ಮುಂದೆ ನಕಾಶೆ ಬಿಚ್ಚಿದೆ. ನನ್ನಕ್ಕ ಗಂಗವ್ವ ಆ ಊರಿನ ಸೊಸೆ. ನಾವಿಬ್ಬರೂ ಹುಟ್ಟಿದ್ದು ಮೇಲವಂಕಿಯಲ್ಲಿ. ಅಪ್ಪ ಅವ್ವ ತೀರಿಕೊಂಡ ಮೇಲೆ ಅಲ್ಲಿಯ ಮನೆಯನ್ನು ಮಾರಿ ಗೋಕಾಕದಲ್ಲಿ ನೆಲೆ ಮಾಡಿಕೊಂಡವನು ನಾನೇ. ಅಕ್ಕ ಮಾರಾಟದ ಕಾಗದಕ್ಕೆ ತಕರಾರಿಲ್ಲದೆ ಹೆಬ್ಬೆಟ್ಟು ಒತ್ತಿದಳು. ಅವಳು ಒಂದು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಕೊಂಡವರು ಹಳೆಯ ಮನೆ ಕೆಡವಿದರು. ಹಿತ್ತಲಿನ ಹುಣಸೆ ಮರವೊಂದು ಉಳಿಯಿತು.

ಅಕ್ಕ ನಕಾಶೆಯ ಮೇಲೆ ಬೆರಳಾಡಿಸುತ್ತ ತುದಿಯವರೆಗೂ ಹೋಗಿ, "ಇಷ್ಟ ಎತ್ತರಕ್ಕ ಹೋಗಿ ನಿಂತ್ರ ನಮ್ಮ ಹುಣಸಿ ಗಿಡ ಕಾಣ್ತೈತೇನೋ ತಮ್ಮಾ?" ಎಂದಳು.

"ಕಾಣ್ತೈತಿ" ಎಂದುಬಿಟ್ಟೆ. ನಡುವೆ ಗುಡ್ಡವಿದೆಯೋ, ಕಬ್ಬಿನ ಹೊಲದ ಮಂಜಿದೆಯೋ ಯಾರು ನೋಡಿದ್ದಾರೆ? ನಕಾಶೆಯಲ್ಲಿ ಕಟ್ಟಡದ ಆಚೆ ಎಲ್ಲವೂ ಬಿಳಿ ಕಾಗದ, ಎಷ್ಟು ದೂರ ಬೇಕಾದರೂ ಕಾಣುತ್ತದೆ. ಊರಿಗೆ ಮರಳಿದವನೇ ಹನ್ನೊಂದನೆಯ ಅಂತಸ್ತಿನ ಮೆಟ್ಟಿಲ ಬಳಿ, ಮೇಲವಂಕಿಯ ದಿಕ್ಕಿಗೆ, ಒಂದು ದೊಡ್ಡ ಕಿಟಕಿ ಬರೆದೆ. ಕೂರಲು ಕೆಳಗೊಂದು ಕಲ್ಲಿನ ಆಸನ. ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣಗೆ 'ಅಕ್ಕ' ಎಂದು ಬರೆದೆ. ಸಾವ್ಕಾರರು ಅದನ್ನು ನೋಡಿ ಏನೋ ಇಂಜಿನಿಯರಿಂಗ್ ಗುರುತೆಂದು ತಿಳಿದರು.

ಮುಂದೆ ಆ ಕಟ್ಟಡದಲ್ಲಿ ಮನೆ ಕೊಳ್ಳುವವರ ಸಭೆ ಸೇರಿತು. ಮೊದಲ ತಕರಾರು ದೇವರ ಮನೆಯದು. ಒಬ್ಬರ ದೇವರ ಮನೆಯ ಮೇಲೆ ಇನ್ನೊಬ್ಬರ ಬಚ್ಚಲು ಬರಬಾರದು. ಹನ್ನೊಂದು ದೇವರ ಮನೆಗಳನ್ನು ಒಂದರ ಮೇಲೊಂದು ಪೇರಿಸಿದೆ. ಹಾಗಾದರೆ ಮೇಲಿನವರು ಕೆಳಗಿನವರ ದೇವರ ತಲೆಯ ಮೇಲೆ ಕುಳಿತಂತಲ್ಲವೇ ಎಂದರು. ಕೊನೆಗೆ ಮೂಡಲಗಿಯ ಕಡೆಯ ಲಿಂಗವಂತ ಅಜ್ಜರೊಬ್ಬರು, "ಕೊರಳಾಗ ಕಟ್ಕೊಂಡ ದೇವ್ರು ಎಷ್ಟ ಮ್ಯಾಲ ಹೋದ್ರೂ ನಮ್ಮ ಕೂಡನ ಬರ್ತಾನ, ಸುಮ್ಮ ಕುಂದರ್ರಿ" ಎಂದು ಬಗೆಹರಿಸಿದರು. ಕರೆಂಟಿಲ್ಲದಾಗ ಹೆಣ ಇಳಿಸುವುದು ಹೇಗೆಂದು ಯಾರೋ ಕೇಳಿದಾಗಲೂ ಅವರೇ, "ನಮ್ಮ ಮಂದೀನ ಕುಂದರ್ಸೇ ಒಯ್ಯೂದಲ್ರಿ, ಕುರ್ಚಿ ಹಿಡದ ಇಳಸಿದ್ರಾತು" ಎಂದರು. ಆ ಅಜ್ಜರಿದ್ದರೆ ಯಾವ ಕಟ್ಟಡವನ್ನಾದರೂ ಕಟ್ಟಬಹುದು ಎನಿಸಿತ್ತು ನನಗೆ.

ಆದರೆ ಕಟ್ಟೆಯ ಪ್ರಶ್ನೆ ಅಜ್ಜರಿಂದಲೂ ಬಗೆಹರಿಯಲಿಲ್ಲ. ಸಂಜೆ ಮನೆಯ ಮುಂದೆ ಕುಳಿತು ಹೋಗಿಬರುವವರನ್ನು "ಎಲ್ಲಿಗಿ ಹೊಂಟ್ರಿ? ಚಾ ಕುಡ್ದ ಹೋಗ್ರಿ" ಎಂದು ಕರೆಯಲು ಒಂದು ಕಟ್ಟೆ ಇರದಿದ್ದರೆ ಅದೆಂಥ ಮನೆ? ಆರನೆಯ ಅಂತಸ್ತಿನಲ್ಲಿ ಕುಳಿತು ಯಾರನ್ನು ಕರೆಯುವುದು? ಹಾಗಾಗಿ ಬಂದವರೆಲ್ಲ ನೆಲ ಅಂತಸ್ತನ್ನೇ ಕೇಳಿದರು. ಕಟ್ಟೆ ಬೇಕೆಂದು ಮೊದಲು ಕೈ ಎತ್ತಿದವರು ಆ ಅಜ್ಜರೇ. ಹನ್ನೊಂದು ನೆಲ ಅಂತಸ್ತುಗಳ ಕಟ್ಟಡ ಬರೆಯುವ ವಿದ್ಯೆ ನನಗೆ ಯಾರೂ ಕಲಿಸಿರಲಿಲ್ಲ.

ಅಲ್ಲಿಂದ ಇಳಿಗಾಲ. ಹನ್ನೊಂದು ಏಳಾಯಿತು, ಏಳು ನಾಲ್ಕಾಯಿತು. ಪ್ರತಿ ಸಲವೂ ನಾನು ಅಕ್ಕನ ಕಿಟಕಿಯನ್ನು ಅಳಿಸಿ ಕೆಳಗಿನ ಅಂತಸ್ತಿನಲ್ಲಿ ಬರೆಯುತ್ತಿದ್ದೆ. ಪ್ರತಿ ಸಲವೂ ಹೊಸ ನಕಾಶೆ ಹಿಡಿದು ತುಕ್ಕಾನಟ್ಟಿಗೆ ಹೋಗುತ್ತಿದ್ದೆ. ಅಕ್ಕ ರೊಟ್ಟಿ ಬಡಿಯುತ್ತಲೇ, "ನನ್ನ ಖಿಡಕಿ ಎಲ್ಲೀತನಕ ಬಂತೋ?" ಎಂದು ಕೇಳುವಳು. ನಾನು ಏನಾದರೊಂದು ಹೇಳುವೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಗಟ್ಟಿ ಮೊಸರು ಉಂಡು ಬರುವೆ. ಕಟ್ಟಡ ಕುಗ್ಗುತ್ತಿತ್ತು, ನಾನು ಮಾತ್ರ ದಪ್ಪವಾಗುತ್ತಿದ್ದೆ.

ಈಗ ಆ ಜಾಗದಲ್ಲಿ ಸಾಲಾಗಿ ಅಂಗಡಿಗಳಿವೆ. ಒಂದೇ ಅಂತಸ್ತು. ಮುಂದೆಂದಾದರೂ ಏರಿಸಬಹುದೆಂದು ಮಾಳಿಗೆಯ ಮೇಲೆ ಕಬ್ಬಿಣದ ಸಳಿಗಳನ್ನು ಹಾಗೇ ಬಿಟ್ಟಿದ್ದಾರೆ. ಬಸ್ಸಿಗೆ ಕಾಯುವಾಗಲೆಲ್ಲ ಆ ಸಳಿಗಳ ಮೇಲೆ ಹತ್ತು ಅಂತಸ್ತು ನನಗೆ ಕಾಣುತ್ತವೆ. ತುತ್ತತುದಿಯ ಕಿಟಕಿಯಲ್ಲಿ ಸೆರಗು ಹೊದ್ದ ಒಬ್ಬಳು ಕುಳಿತಿರುತ್ತಾಳೆ. ಸಂಕಟವಾಗುತ್ತದೆ. ಇಲ್ಲದ ಕಟ್ಟಡಕ್ಕೆ ಇಷ್ಟು ಸಂಕಟಪಡಬಹುದೆಂದು ನನಗೆ ಗೊತ್ತಿರಲಿಲ್ಲ.

ಈ ಸಲ ಪಂಚಮಿಯ ಹಿಂದಿನ ದಿನ ಧೈರ್ಯ ಮಾಡಿ ಹೋದೆ. ಅಕ್ಕ ಶೇಂಗಾ ಉಂಡಿ ಕಟ್ಟುತ್ತಿದ್ದಳು. ಕೇಳುವ ಮೊದಲೇ ಹೇಳಿಬಿಟ್ಟೆ: "ಅಕ್ಕಾ, ಕಟ್ಟಡಾ ಆಗೂದಿಲ್ಲ. ನಿನ್ನ ಖಿಡಕೀನೂ ಇಲ್ಲ."

ಅವಳು ಕೈಯಲ್ಲಿದ್ದ ಉಂಡಿಯನ್ನು ತಾಟಿನಲ್ಲಿಟ್ಟು ನನ್ನನ್ನೇ ನೋಡಿದಳು. "ನನಗ ಗೊತ್ತಿಲ್ಲೇನೋ? ಬಸ್ ಸ್ಟ್ಯಾಂಡಿಗಿ ನಾನೂ ಬರ್ತೇನಲ್ಲೋ. ಖಿಡಕಿ ಕೇಳಿದ್ರರ ನೀ ಅದನ್ನ ತೋರ್ಸಾಕ ಬರ್ತಿದ್ದಿ, ಅದಕ್ಕ ಕೇಳ್ತಿದ್ನಿ. ಪಂಚಮಿಗಿ ಕರ್ಯಾಕ ಬರೂದಂತೂ ಬಿಟ್ಟಿ."

ನಮ್ಮ ಕಡೆ ಪಂಚಮಿಗೆ ಅಕ್ಕತಂಗಿಯರನ್ನು ಕರೆದೊಯ್ಯಲು ಅಣ್ಣತಮ್ಮಂದಿರು ಹೋಗಬೇಕು. ಕರೆಯದೆ ಅವರು ಬರುವುದಿಲ್ಲ. ಮನೆಯೇ ಇಲ್ಲದ ಮೇಲೆ ಯಾವ ತವರಿಗೆ ಕರೆಯುವುದೆಂದು ನಾನು ಹೋಗುವುದನ್ನೇ ಬಿಟ್ಟಿದ್ದೆ. ಒಂದು ಬಸ್ ಟಿಕೆಟಿನ ಕೆಲಸಕ್ಕೆ ಹನ್ನೊಂದು ಅಂತಸ್ತು ಏರಿಸಲು ಹೊರಟಿದ್ದ ಜಾಣ ನಾನು.

"ಎಲ್ಲಿಗಂತ ಕರೀಲಿ ಅಕ್ಕಾ? ಮನಿ ಎಲ್ಲೈತಿ?" ಎಂದೆ.

"ಮನಿ ಹೋತು. ಗಿಡ ಐತಲ್ಲೋ."

ಮರುದಿನ ಇಬ್ಬರೂ ಬಸ್ಸು ಹತ್ತಿದೆವು. ಅಕ್ಕ ಕಿಟಕಿಯ ಪಕ್ಕದ ಸೀಟಿನಲ್ಲಿ ಕುಳಿತಳು. ಮೇಲವಂಕಿಯಲ್ಲಿ ಹುಣಸೆ ಮರಕ್ಕೆ ಈಗಿನ ಮನೆಯವರು ಪಂಚಮಿಯ ಜೋಕಾಲಿ ಕಟ್ಟಿದ್ದರು. ಅವರ ಸೊಸೆ ಅಕ್ಕನನ್ನು ನೋಡಿದ್ದೇ ಮಕ್ಕಳನ್ನು ಇಳಿಸಿ, "ಬರ್ರಿ ಅವ್ವಾರ, ನಿಮ್ಮ ಗಿಡಾನ ಐತಿ, ಕುಂದರ್ರಿ" ಎಂದಳು. ಅಕ್ಕ ಸೀರೆ ಸರಿಮಾಡಿಕೊಂಡು ಕುಳಿತಳು. ನಾನು ಹಿಂದೆ ನಿಂತು ಮೆಲ್ಲಗೆ ನೂಕಿದೆ. ಕಸುಬಿನವನಲ್ಲವೇ, ಕಣ್ಣಳತೆಯಲ್ಲೇ ಅಳೆದೆ. ನೆಲದಿಂದ ಮೂರೂವರೆ ಅಡಿಯೂ ಏರಿರಲಿಲ್ಲ.

"ಕಾಣಾಕತ್ತೈತೋ ತಮ್ಮಾ!" ಎಂದು ಅಕ್ಕ ಕೂಗಿದಳು. "ಅಡಗಿಮನಿ, ಅವ್ವನ ಒಲಿ, ಎಲ್ಲಾ ಕಾಣಾಕತ್ತೈತಿ. ಇನ್ನೊಂದ ಅಂತಸ್ತ ಏರಸೋ!"

ಏರಿಸಿದೆ.