ದೊರೆಗೆ ಇಟ್ಟ ಎಡೆ

ಒಂದು ಕಡೆ ಕೂರುವುದೆಂದರೆ ನನಗೆ ಆಗುವುದಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಮನೆಯಲ್ಲಿ ಚಿಕ್ಕಂದಿನಿಂದಲೂ ಅನ್ನುತ್ತಿದ್ದರು. ಶ್ರೀರಂಗಪಟ್ಟಣದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ, ಅದೂ ಓಡಾಡಿಕೊಂಡೇ. ಸ್ಟಾಫ್ ರೂಮಿನಲ್ಲಿ ಮುಳ್ಳಿನ ಮೇಲೆ ಕೂತ ಹಾಗಿರುತ್ತದೆ. ಕೊನೆಯ ಪೀರಿಯಡ್ಡು ಮುಗಿದರೆ ಸೀದಾ ಬಸ್‌ಸ್ಟ್ಯಾಂಡು, ಯಾವ ಬಸ್ಸು ಹೊರಟಿದೆಯೋ ಅದಕ್ಕೆ ಹತ್ತುವುದು. ಒಂದು ದಿನ ಮೇಲುಕೋಟೆ, ಇನ್ನೊಂದು ದಿನ ಕಿಕ್ಕೇರಿ. ನಾಗಮಂಗಲದಲ್ಲಿ ಇಳಿದು ಒಂದು ಕಾಫಿ ಕುಡಿದು ಅದೇ ಬಸ್ಸಿನಲ್ಲಿ ವಾಪಸ್ಸು ಬಂದದ್ದೂ ಇದೆ. ಏನು ಹುಡುಕುತ್ತಿದ್ದೀಯ ಎಂದು ಯಾರಾದರೂ ಕೇಳಿದರೆ ಸಿಟ್ಟು ಬರುತ್ತದೆ. ಉತ್ತರ ನನಗೂ ಗೊತ್ತಿಲ್ಲ, ಅದಕ್ಕೆ.

ಹಾಗಾಗಿ, ಸ್ಕಾಟ್ಲೆಂಡಿನಿಂದ ವಯಸ್ಸಾದವರೊಬ್ಬರು ಗೋರಿ ಹುಡುಕಿಕೊಂಡು ಬರುತ್ತಾರೆ ಎಂದಾಗ ಪ್ರಿನ್ಸಿಪಾಲರು ನನ್ನ ಕಡೆಗೇ ಕೈ ತೋರಿಸಿದರು. "ಹೇಗಿದ್ರೂ ನೀವು ಅಲೀತಾನೇ ಇರ್ತೀರಲ್ಲ ಮೇಡಂ," ಅಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅವರು ಬಂದರು. ಎತ್ತರದ ಆಳು, ಬಿಸಿಲಿಗೆ ಕೆಂಪಾದ ಕಿವಿ, ನಿಂತಲ್ಲಿ ನೆಲ ಕುಟ್ಟುತ್ತಿದ್ದ ಊರುಗೋಲು. ರಿಟೈರಾದ ಮೇಷ್ಟ್ರು. ಅವರ ಕೌಂಟಿಯ ಹೆಸರು ಆಂಗಸ್. ಕೌಂಟಿ ಅಂದರೆ ನಮ್ಮ ತಾಲ್ಲೂಕಿಗಿಂತ ದೊಡ್ಡದು, ಜಿಲ್ಲೆಗಿಂತ ಚಿಕ್ಕದು. ಅದರ ಚರಿತ್ರೆಯನ್ನೂ ಅಲ್ಲಿನ ದೊಡ್ಡ ಮನೆತನಗಳ ಚರಿತ್ರೆಯನ್ನೂ ಬರೆಯುವುದರಲ್ಲೇ ಅವರ ಆಯುಷ್ಯ ಕಳೆದಿತ್ತು. ಯಾವ ಕೋಟೆ ಯಾರದು, ಯಾರು ಯಾವ ರಾಜನ ಪಕ್ಷ ಹಿಡಿದು ತಲೆ ಕಳೆದುಕೊಂಡರು, ಯಾರ ಮದುವೆಯಿಂದ ಯಾವ ಕಾಡು ಯಾರಿಗೆ ಬಂತು, ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಕೇಳುತ್ತಾ ಕೇಳುತ್ತಾ ನನಗೆ ನಮ್ಮೂರಿಗೆ ಬರುವ ಹೆಳವ ನೆನಪಾದ. ಬಾಗಿಲಲ್ಲಿ ನಿಂತು ನಮ್ಮ ತಾತನ ತಾತನಿಂದ ಹಿಡಿದು ಮನೆತನದವರ ಹೆಸರೆಲ್ಲ ಹೇಳಿ ರಾಗಿ ಇಸಕೊಂಡು ಹೋಗುವವನು. ಮೊದಲು ಎತ್ತಿನ ಮೇಲೆ ಬರುತ್ತಿದ್ದ, ಈಗ ಮೊಪೆಡ್ಡಿನ ಮೇಲೆ. ಅವನ ಬಾಯಲ್ಲೂ ಬರೀ ಗಂಡಸರೇ. ಹೆಂಗಸು ಗಂಡು ಹೆತ್ತಿದ್ದರೆ ಒಂದು ಸಾಲು ಸಿಗುತ್ತದೆ, ಇಲ್ಲದಿದ್ದರೆ ಅದೂ ಇಲ್ಲ.

ಆ ಮನೆತನಗಳಲ್ಲಿ ಕೋಟೆ, ಹೊಲ, ಪದವಿ ಎಲ್ಲ ಹಿರಿಮಗನಿಗೇ. ಕಿರಿಯರಿಗೆ ಒಂದು ಕತ್ತಿ ಕೊಟ್ಟು ಹಡಗು ಹತ್ತಿಸುತ್ತಿದ್ದರಂತೆ. ಹಾಗೆ ಹಡಗು ಹತ್ತಿದ ಕಿರಿಮಗನೊಬ್ಬ ಇನ್ನೂರು ವರ್ಷಗಳ ಹಿಂದೆ ಸಿಪಾಯಿಗಳ ಜೊತೆ ನಮ್ಮ ಸೀಮೆಗೆ ಬಂದವನು ಇಲ್ಲೇ ಎಲ್ಲೋ ಸತ್ತ. ಮೇಷ್ಟ್ರ ಪುಸ್ತಕದಲ್ಲಿ ಆ ಮನೆತನದ ಅಧ್ಯಾಯ ಮುಗಿಯುವುದಕ್ಕೆ ಅವನ ಗೋರಿಯೊಂದು ಬಾಕಿ. ಪಟ್ಟಣದ ಬಿಳಿಯರ ಸ್ಮಶಾನದಲ್ಲಿ ಕಲ್ಲು ಕಲ್ಲೂ ಓದಿದೆವು. ಸಿಗಲಿಲ್ಲ. ಅವರು ಬಾಡಿದ ಮುಖ ಮಾಡಿಕೊಂಡು ಕಾರು ಹತ್ತುವಾಗ ನನಗೆ ದೊಡ್ಡವ್ವನ ಹೊಲ ನೆನಪಾಯಿತು.

ದೊಡ್ಡವ್ವ ಎಂದರೆ ನಮ್ಮ ದೊಡ್ಡಪ್ಪನ ಹೆಂಡತಿ. ದೊಡ್ಡಪ್ಪ ಬೇಗ ಹೋದ, ಮಕ್ಕಳಾಗಲಿಲ್ಲ. ಪಾಂಡವಪುರದ ಹತ್ತಿರ, ಕುಂತಿಬೆಟ್ಟ ಕಾಣುವ ಹಾಗೆ, ನಾಲೆಯ ಕೆಳಗೆ ಅವಳ ಗದ್ದೆ. ಒಂದು ಕಾಲಕ್ಕೆ ಆ ಕಡೆ ಬಿಳಿಯರ ದಂಡು ಇತ್ತು. ಗದ್ದೆಯ ಮೂಲೆಯಲ್ಲಿ ಹೊಂಗೆ ಮರದ ಕೆಳಗೆ ಸುಣ್ಣ ಬಳಿದ ಗೋರಿಯೊಂದಿದೆ. ದೊರೆ ಗೋರಿ ಎಂದೇ ಅದಕ್ಕೆ ಹೆಸರು.

ಮಾರ್ಲಾಮಿ ಹಬ್ಬದಲ್ಲಿ ನಮ್ಮ ಕಡೆ ಸತ್ತವರಿಗೆ ಎಡೆ ಇಡುತ್ತೇವೆ. ಬದುಕಿದ್ದಾಗ ಅವರಿಗೆ ಏನೇನು ಪ್ರೀತಿಯೋ ಅದನ್ನೆಲ್ಲ ಬಾಳೆ ಎಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ಹೊರಗೆ ಕೂರಬೇಕು. ಅವರು ಉಂಡು ಹೋಗುವ ತನಕ ಯಾರೂ ಇಣುಕಬಾರದು. "ಹೊಲ ಉಂಡೋರು ಹೊಲದಾಗಿರೋ ಸತ್ತೋರ್ಗೂ ಇಕ್ಬೇಕು," ಎಂದು ದೊಡ್ಡವ್ವನಿಗೆ ಅವಳ ಅತ್ತೆ ಹೇಳಿಕೊಟ್ಟಿದ್ದಳು. ಆದ್ದರಿಂದ ಪ್ರತಿ ವರ್ಷ ಗೋರಿಗೆ ಸುಣ್ಣ ಬಳಿದು ದೊರೆಗೂ ಒಂದು ಎಡೆ. ಮುದ್ದೆ, ಬಾಡಿನ ಸಾರು, ಒಂದು ಕ್ವಾಟ್ರು ಬ್ರಾಂದಿ, ಒಂದು ಕಟ್ಟು ಬೀಡಿ, ಒಂದು ಹೊಸ ಟವಲ್ಲು. ಗದ್ದೆಯಲ್ಲಿ ಮುಚ್ಚುವುದಕ್ಕೆ ಬಾಗಿಲಿಲ್ಲವಲ್ಲ, ದೊಡ್ಡವ್ವ ಗೋರಿಗೆ ಬೆನ್ನು ಹಾಕಿ ಬದುವಿನ ಮೇಲೆ ಕೂರುತ್ತಿದ್ದಳು.

ಈಗ ಅವಳಿಗೆ ಮಂಡಿ ನೋವು. ಗದ್ದೆ ನನ್ನ ತಮ್ಮಂದಿರ ಕೈಗೆ ಬಂದಿದೆ. "ತಾತಂಗೆ ಇಕ್ತೀವಿ, ದೊಡ್ಡಪ್ಪಂಗೆ ಇಕ್ತೀವಿ. ಆ ಬಿಳಿಯಂಗೆ ಯಾಕವ್ವಾ?" ಎಂದು ಅವರು ಹೇಳಿಬಿಟ್ಟರು. ಅವತ್ತಿನಿಂದ ದೊಡ್ಡವ್ವನಿಗೆ ಒಂದೇ ಚಿಂತೆ. ನಾನು ಹೋದಾಗಲೆಲ್ಲ, "ನಾನ್ ಓದ್ಮೇಲೆ ದೊರೆಗೆ ಯಾರವ್ವಾ ಇಕ್ಕೋರು?" ಎಂದು ಶುರು ಮಾಡುತ್ತಿದ್ದಳು. ತನಗೆ ಯಾರು ಇಡುತ್ತಾರೆ ಎಂದು ಒಂದು ದಿನವೂ ಕೇಳಲಿಲ್ಲ. ನನ್ನ ತಮ್ಮಂದಿರು ಹೇಳಿದ ಸಾಲಿನಲ್ಲಿ ಅವಳಿರಲಿಲ್ಲ, ಹೆಳವನ ಸಾಲಿನಲ್ಲೂ ಇಲ್ಲ. ಅವಳು ಕೇಳದ ಪ್ರಶ್ನೆ ನನಗೆ ಕೇಳಿಸುತ್ತಿತ್ತು. ಕೇಳಿಸಿದಾಗಲೆಲ್ಲ ಎದ್ದು ಬಸ್ಸು ಹಿಡಿಯುತ್ತಿದ್ದೆ.

ಮೇಷ್ಟ್ರನ್ನು ಕರೆದುಕೊಂಡು ಹೋದ ದಿನ ದೊಡ್ಡವ್ವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ದೊರೆಯ ಕಡೆಯವರು ಕೊನೆಗೂ ಬಂದರು ಎಂದೇ ಅವಳ ಲೆಕ್ಕ. ಕಿರಿಮಗನ ಕತೆಯನ್ನು ನಾನು ಕನ್ನಡದಲ್ಲಿ ಹೇಳಿದಾಗ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಎಲ್ಲಾನೂ ಹಿರೇಮಗಂಗೇಯಾ? ಭಾಗ ಕೊಡ್ನಿಲ್ವಾ?"

"ಇಲ್ಲವಂತೆ ದೊಡ್ಡವ್ವ."

"ಮತ್ತೆ ಅವ್ನ್ ಕೋರ್ಟ್‌ಗೆ ಓಗ್ದಲೆ ಇಲ್ಲೀಗಂಟ ಯಾಕ್ ಬಂದ?"

ಮೇಷ್ಟ್ರಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಗಟ್ಟಿಯಾಗಿ ನಕ್ಕರು. ಕೋಟೆಯ ಹಿರಿಮಗನ ವಂಶದವರೂ ಈಗ ಅದನ್ನು ಹೋಟೆಲಿನವರಿಗೆ ಮಾರಿದ್ದಾರೆ ಅಂದರು. ತಮ್ಮ ಹಿರೀಕರು ಆ ಕೋಟೆಯವರಿಗೆ ಗೇಣಿ ಕೊಟ್ಟುಕೊಂಡಿದ್ದ ಜನ ಎಂದೂ ಹೇಳಿದರು. ಗೇಣಿ ಕೊಟ್ಟವರೇ ಕೂತು ಧಣಿಗಳ ಚರಿತ್ರೆ ಬರೆಯುವುದು ನನಗೆ ಸ್ವಲ್ಪ ಉರಿಯಿತು, ಆದರೆ ಅತಿಥಿ ಎಂದು ಸುಮ್ಮನಾದೆ.

ಗೋರಿಯ ತಲೆಯ ಕಡೆ ಒಂದು ಕಲ್ಲು ಇತ್ತು. ತಲೆಮಾರುಗಳ ಸುಣ್ಣ ಪದರ ಪದರವಾಗಿ ಅದರ ಮೇಲೆ ಕೂತಿತ್ತು. ಕೆರೆಯಬಹುದೇ ಎಂದು ಮೇಷ್ಟ್ರು ಕೇಳಿದರು. "ಕೆರೀಲಿ ಬುಡು, ಎಂಗೂ ಒಸ ಸುಣ್ಣ ಬಳೀಬೇಕು. ಕಬ್ಬಿಣ ತಾಗಿಸ್ಬ್ಯಾಡಿ," ಅಂದಳು ದೊಡ್ಡವ್ವ. ನಾಲೆಯಿಂದ ನೀರು ತಂದು ಹೊಯ್ದು, ನೆನೆಯಲು ಬಿಟ್ಟು, ತೆಂಗಿನ ಚಿಪ್ಪಿನಿಂದ ಕೆರೆಯತೊಡಗಿದೆವು. ಕಾಯುವುದು ನನ್ನಿಂದಾಗದ ಕೆಲಸ. ಬದುವಿನ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡಿದೆ. ಮೇಷ್ಟ್ರು ಮಾತ್ರ ಮಂಡಿಯೂರಿ ಕೂತು ಅಕ್ಷರ ಅಕ್ಷರವನ್ನೇ ಬಿಡಿಸುತ್ತಿದ್ದರು. ಆಮೇಲೆ ಅವರ ಕೈ ನಿಂತಿತು.

ಕಲ್ಲಿನ ಮೇಲಿದ್ದದ್ದು ಹೆಂಗಸಿನ ಹೆಸರು. ಅವರು ಹುಡುಕುತ್ತಿದ್ದವನ ಹೆಂಡತಿ. ಆಂಗಸ್ಸಿನ ಒಬ್ಬ ನೇಕಾರನ ಮಗಳು, ಜ್ವರದಲ್ಲಿ ತೀರಿಕೊಂಡಳು, ಇನ್ನೂ ಚಿಕ್ಕ ವಯಸ್ಸು. ಗಂಡ ಕಲ್ಲು ನಿಲ್ಲಿಸಿ ಮುಂದಿನ ಯುದ್ಧಕ್ಕೆ ಹೋಗಿರಬೇಕು. ಮೇಷ್ಟ್ರು ಊರುಗೋಲು ಹಿಡಿದು ಎದ್ದರು. ಮನೆತನದ ವಂಶವೃಕ್ಷದಲ್ಲಿ ಇವಳ ಹೆಸರೇ ಇಲ್ಲ, ನೇಕಾರರವಳು ಎಂದು ಬಿಟ್ಟಿದ್ದಾರೆ ಅಂದರು. ತಾವು ಬಂದದ್ದು ಅವನಿಗಾಗಿ ಎಂದು ಎರಡು ಸಲ ಹೇಳಿದರು. ಒಂದು ಫೋಟೋ ತೆಗೆದು ಕಾರಿನ ಕಡೆ ನೋಡಿದರು.

ದೊಡ್ಡವ್ವ ಬೇರೆ ಲೋಕದಲ್ಲಿದ್ದಳು. ನಾನು ಹೆಂಗಸು ಎಂದು ಹೇಳಿದ್ದೇ ತಡ, ಧೊಪ್ಪನೆ ಬದುವಿನ ಮೇಲೆ ಕುಸಿದಳು.

"ಅಯ್ಯೋ ಸಿವನೇ. ಮುತ್ತೈದೆಗೆ ಬೀಡಿ ಇಕ್ಕಿವ್ನಲ್ಲವ್ವಾ. ಬ್ರಾಂದಿ ಇಕ್ಕಿವ್ನಿ. ಇಷ್ಟ್ ವರ್ಸದಿಂದ ಆ ಮಗ ಎಂಗ್ ಉಣ್ತಿದ್ಲೋ."

ನಗು ಬಂತು, ತಡೆದುಕೊಂಡೆ. ಕಾರಿನ ಡ್ರೈವರ್ ಗಂಜಾಮಿನ ಸಾಬರು. ಅವರನ್ನು ಕರೆದು, ಪೇಟೆಗೆ ಹೋಗಿ ಹಸಿರು ಗಾಜಿನ ಬಳೆ, ಅರಿಶಿನ ಕುಂಕುಮ, ಒಂದು ರವಿಕೆ ಕಣ, ಹೂವು ತಾ ಅಂದಳು. "ಬಳೆ ಯಾವ ಅಳತೆ ಅಮ್ಮಾ?" ಎಂದು ಅವರು ಕೇಳಿದರು. ದೊಡ್ಡವ್ವ ತನ್ನ ಬರಿಗೈ ಮುಂದೆ ಚಾಚಿ, "ನಂಗ್ ಆಗೋದೇ ತತ್ತಾ. ಅವ್ಳೂ ದುಡ್ಯೋರ್ ಮನೆ ಮಗ್ಳು," ಅಂದಳು.

ಸಾಮಾನು ಬಂದಾಗ ಮೇಷ್ಟ್ರ ಮುಂದೆ ಹಿಡಿದು ನಿಂತಳು. "ತವರಿಂದ ಬಂದೋರು ಬರಿಗೈಲಿ ಬರಬಾರ್ದು ಸ್ವಾಮಿ. ಇಕ್ಕಿ." ಅವರು ಗಂಡನ ಮನೆತನದವರೂ ಅಲ್ಲ, ಹೆಣ್ಣಿನ ತವರಿನವರೂ ಅಲ್ಲ ಎಂದು ನಾನು ಶುರು ಮಾಡಿದೆ. ದೊಡ್ಡವ್ವ ನನ್ನ ಬಾಯಿ ಮುಚ್ಚಿಸಿದಳು. "ಒಂದೇ ಸೀಮೆ ಅಂದ್ಮೇಲೆ ತವರೇಯಾ." ಇದನ್ನು ಹೇಳಿದಾಗ ಮೇಷ್ಟ್ರು ಬಳೆಗಳನ್ನು ಕೈಗೆ ತೆಗೆದುಕೊಂಡರು. ತಮ್ಮ ಅಜ್ಜಿಯ ಕಡೆಯವರು ನೇಕಾರರು, ಅದೇ ಕೌಂಟಿಯವರು, ಪುಸ್ತಕದಲ್ಲಿ ಅವರಿಗೆ ಜಾಗ ಕೊಡಬೇಕೆಂದು ತಮಗೆ ತೋಚಿರಲೇ ಇಲ್ಲ ಅಂದರು. ಆಮೇಲೆ ಟೋಪಿ ತೆಗೆದು, ಬಗ್ಗಿ, ಬಳೆಗಳನ್ನು ಒಂದೊಂದಾಗಿ ಕಲ್ಲಿನ ಬುಡದಲ್ಲಿಟ್ಟರು. ವಿಧವೆ ಎಂದು ದೊಡ್ಡವ್ವ ಕುಂಕುಮ ಮುಟ್ಟಲಿಲ್ಲ, ನನ್ನ ಕೈಯಲ್ಲಿ ಇಡಿಸಿದಳು.

ಹೊರಡುವಾಗ ಅವಳು ಕೇಳಿದ್ದು ಒಂದೇ ಮಾತು. "ವರ್ಸಕ್ಕೊಂದ್ ಸಲ ಮಾರ್ಲಾಮಿಗೆ ಬತ್ತರಾ ಕೇಳವ್ವಾ. ಇನ್ನ ಅವರ್ ಮಗಳು, ಅವ್ರೇ ಇಕ್ಕಲಿ." ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. ವಯಸ್ಸಾಯಿತು, ಇನ್ನೊಮ್ಮೆ ಇಷ್ಟು ದೂರ ಆಗಲಾರದು, ಪುಸ್ತಕದಲ್ಲಿ ಮಾತ್ರ ಅವಳ ಹೆಸರು ಖಂಡಿತ ಬರೆಯುತ್ತೇನೆ ಅಂದರು. "ಪುಸ್ತಕದಾಗ್ ಬರದ್ರೆ ಒಟ್ಟೆ ತುಂಬ್ತದಾ," ಎಂದು ದೊಡ್ಡವ್ವ ಮುಖ ತಿರುಗಿಸಿದಳು. ಕಾರು ಹೋಯಿತು.

ನನಗೆ ಎದ್ದು ಓಡಬೇಕು ಅನ್ನಿಸಿತು. ಬಸ್ಸಿನ ಹೊತ್ತೂ ಆಗಿತ್ತು. ಯಾಕೋ, "ನಾನ್ ಇಕ್ತೀನಿ ದೊಡ್ಡವ್ವ," ಅಂದುಬಿಟ್ಟೆ. ಮದುವೆಯಾಗಿ ಹೋದ ಮಗಳು ತವರಿನ ಹೊಲದಲ್ಲಿ ಎಡೆ ಇಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ನಾನೇ ಮತ್ತೆ ರಾಗ ಎಳೆದೆ. "ಹೆಂಗಸ್ಗೆ ಬೀಡಿ ಇಕ್ಕೋ ಪದ್ದತಿ ಇತ್ತಾ?" ಅಂದಳು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಅಲ್ಲಾ ಕಣವ್ವಾ, ನೀನ್ ಒಂದ್ ಕಡೆ ಕೂರೋಳಲ್ಲ. ಎಡೆ ಇಕ್ಕೋದ್ ಯಾರ್ ಬೇಕಾದ್ರೂ ಇಕ್ತಾರೆ. ಅದಾದ್ಮೇಲೆ ಕೂರೋದೇ ಕಷ್ಟ," ಅಂದಳು.

ಈ ಸಲ ಮಾರ್ಲಾಮಿಗೆ ರಜೆ ಹಾಕಿ ಹೋದೆ. ಆ ಸೀಮೆಯವರು ಓಟ್ಸ್ ಗಂಜಿ ಕುಡಿಯುತ್ತಾರೆ ಎಂದು ಮೇಷ್ಟ್ರು ಹೇಳಿದ್ದು ದೊಡ್ಡವ್ವನಿಗೆ ನೆನಪಿತ್ತು. ಪಾಂಡವಪುರದ ಅಂಗಡಿಯಿಂದ ಒಂದು ಪ್ಯಾಕೆಟ್ಟು ತರಿಸಿ, ಅಂಬಲಿಯ ಹಾಗೆ ಕಾಯಿಸಿ, ರುಚಿ ನೋಡಿ ಮುಖ ಸಿಂಡರಿಸಿ, ಪಾಪ ಇದನ್ನೇ ಕುಡಿದು ಬೆಳೆದಳಲ್ಲ ಅಂದಳು. ಜೊತೆಗೆ ಒಬ್ಬಟ್ಟು, ಪಾಯಸ, ಸೀರೆ, ಬಳೆ. ಬೀಡಿ ಇಲ್ಲ. ಸಂಜೆಯ ಬಿಸಿಲಿನಲ್ಲಿ ಎಲೆ ಹಾಸಿ ನಾನೇ ಬಡಿಸಿದೆ. ಇಬ್ಬರೂ ಗೋರಿಗೆ ಬೆನ್ನು ಹಾಕಿ ಬದುವಿನ ಮೇಲೆ ಕೂತೆವು.

ಎದುರಿಗೆ ಭತ್ತದ ಪೈರು, ನಾಲೆ ಏರಿಯ ಮೇಲೆ ಯಾರದೋ ಟ್ರಾಕ್ಟರು. ಕಾಲು ಜೋಮು ಹಿಡಿಯಿತು. ಇರುವೆ ಹತ್ತಿತು. ನಾಳೆಯ ಪಾಠ, ಕೊನೆಯ ಬಸ್ಸು, ಮನೆಯ ಗ್ಯಾಸು, ತಲೆಯೊಳಗೆ ಎಲ್ಲವೂ ಒಟ್ಟಿಗೆ ಎದ್ದು ನಿಂತವು. ಇನ್ನು ತಡೆಯಲಾರೆ ಎಂದು ಸೆರಗು ಕೊಡವಿ ಅರ್ಧ ಎದ್ದೆ. ದೊಡ್ಡವ್ವ ನನ್ನ ಮೊಣಕೈ ಹಿಡಿದು ಕೆಳಗೆ ಎಳೆದಳು. ನನ್ನ ಕಡೆ ನೋಡಲಿಲ್ಲ, ಪೈರಿನ ಕಡೆಗೇ ನೋಡುತ್ತಿದ್ದಳು.

"ಕೂತ್ಕೊ. ಇನ್ನೂ ಉಣ್ತಾವ್ಳೆ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಾಳೆ ನಂಗಿಕ್ಕಿದಾಗ್ಲೂ ಇಂಗೇ ಎದ್ಬುಟ್ಟೀಯಾ?"

ನಾನು ಕೂತೆ.