ಸನ್ಮಾನದ ಹರಿವಾಣ ಹಿಡಿದ ಸಂಜೆ

ಆಗೆಲ್ಲ ನಮ್ಮ ಕಡೆಯ ಶಾಲೆಗಳಲ್ಲಿ ಬಹುಮಾನವೆಂದರೆ ಸ್ಟೀಲು. ಮೂರನೆಯವರಿಗೆ ಲೋಟ, ಎರಡನೆಯವರಿಗೆ ಬಟ್ಟಲು, ಮೊದಲನೆಯವರಿಗೆ ಮುಚ್ಚಳವಿರುವ ಡಬ್ಬಿ. ಮೇಲೆ ಹೆಸರು ಕೆತ್ತಿರುತ್ತಿತ್ತು. ಗೆದ್ದ ಮಕ್ಕಳದ್ದಲ್ಲ, ಕೊಡಿಸಿದ ದಾನಿಗಳದ್ದು. ಕುಂದಾಪುರದ ಸುತ್ತಮುತ್ತ ಓದಿದವರ ಅಡುಗೆಮನೆಯಲ್ಲಿ ಇವತ್ತಿಗೂ ಯಾರದೋ ಹೆಸರಿನ ಡಬ್ಬಿಯಲ್ಲಿ ಸಾಸಿವೆ ಇರುತ್ತದೆ. ನಿಮ್ಮ ಮನೆಯಲ್ಲೂ ಇದ್ದೀತು, ಹುಡುಕಿ ನೋಡಿ.

ಏಳನೇ ಕ್ಲಾಸಿನಲ್ಲಿ ನಾನು ಫಸ್ಟ್ ಬಂದೆ. ನಮ್ಮ ಮನೆ ಗಂಗೊಳ್ಳಿ, ಶಾಲೆ ಹೊಳೆಯಾಚೆ ಕುಂದಾಪುರದಲ್ಲಿ. ನನ್ನ ತಾಯಿ, ನಾವು ಅಬ್ಬಿ ಎನ್ನುತ್ತಿದ್ದೆವು, ಮೀನಿನ ಬುಟ್ಟಿ ಹೊತ್ತು ಕೇರಿ ಕೇರಿ ತಿರುಗುವವಳು. ನನ್ನ ಶಾಲೆಯ ಗೇಟಿನ ಮುಂದೆಯೇ ದಿನವೂ ಹಾದುಹೋಗುತ್ತಿದ್ದಳು, ಒಳಗೆ ಮಾತ್ರ ಕಾಲಿಟ್ಟವಳಲ್ಲ. ಮೈಯೆಲ್ಲ ಮೀನಿನ ವಾಸನೆ ಎಂದು ಅವಳ ಸಂಕೋಚ. ಆ ಸಲ, ಹೆಸರು ಕೇಳುವುದಕ್ಕಾದರೂ ಬರುತ್ತೇನೆಂದು ಅವಳೇ ಹೇಳಿದಳು.

"ನಿನ್ ಹೆಸ್ರ್ ಮೈಕಂಗೆ ಕರಿತ್ರ್ ಅಲ್ದಾ ಹೆಣೆ? ಅದನ್ ಕೇಂಬುಕಾರೂ ಬತ್ತೆ."

ಆ ದಿನ ಅವಳು ಬುಟ್ಟಿ ಎತ್ತಲಿಲ್ಲ. ಸೀಗೆಪುಡಿ ಹಾಕಿ ತಲೆಗೆ ಮಿಂದಳು, ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟಳು, ನನ್ನ ಜಡೆಗೆ ಅಬ್ಬಲಿಗೆ ಹೂ ಮುಡಿಸಿದಳು. ಇನ್ನೂ ಎದೆಹಾಲು ಕುಡಿಯುತ್ತಿದ್ದ ತಮ್ಮನನ್ನು ಅಜ್ಜಿಯ ಹತ್ತಿರ ಬಿಟ್ಟು ಇಬ್ಬರೂ ಹೊಳೆ ದಾಟಿದೆವು. ನಾನು ಆ ರಾತ್ರಿ ಕುಂದಾಪುರದಲ್ಲೇ ದೊಡ್ಡಮ್ಮನ ಮನೆಯಲ್ಲಿ ಉಳಿಯುವುದು, ಅಬ್ಬಿ ಸಂಜೆಯ ಕೊನೆಯ ದೋಣಿಗೆ ಮರಳುವುದು ಎಂದು ಮಾತಾಗಿತ್ತು. ಸಭೆ ಊಟದ ಹೊತ್ತು ಕಳೆದ ಕೂಡಲೇ ಶುರು ಎಂದು ಹೇಳಿದ್ದರು. ಧಾರಾಳ ಹೊತ್ತಿತ್ತು.

ಆದರೆ ನಮ್ಮ ಶಾಲೆಯಲ್ಲೊಂದು ಪದ್ಧತಿ. ಫಸ್ಟ್ ಬಂದ ಹುಡುಗಿಯರೇ ಸನ್ಮಾನದ ಹರಿವಾಣ ಹಿಡಿದು ವೇದಿಕೆಯ ಮೇಲೆ ನಿಲ್ಲಬೇಕು. ಶಾಲು, ಪೇಟ, ತೆಂಗಿನಕಾಯಿ, ಹಣ್ಣು ತುಂಬಿದ ಹಿತ್ತಾಳೆಯ ಹರಿವಾಣ. ವರ್ಷವಿಡೀ ಓದಿದ್ದಕ್ಕೆ ಸಿಕ್ಕ ಮೊದಲ ಬಹುಮಾನ ಅದು! ಟೀಚರು ಬಂದು, "ಕೈ ಅಲುಗ್ಬಾರ್ದ್, ನಗಾಡ್ತಾ ನಿಲ್ಲ್" ಎಂದು ಹೇಳಿ ಹೋದರು.

ಅತಿಥಿಗಳು ಬಂದದ್ದೇ ಬಿಸಿಲು ಇಳಿದ ಮೇಲೆ. ಆಮೇಲೆ ಶುರುವಾಯಿತು ನೋಡಿ. ಮುಂಬೈಯ ಹೋಟೆಲ್ ಧಣಿಗಳಿಗೆ ಸನ್ಮಾನ, ಅವರ ತಮ್ಮನಿಗೆ ಸನ್ಮಾನ, ಕಂಪೌಂಡು ಕಟ್ಟಿಸಿದವರಿಗೆ ಸನ್ಮಾನ. ಫ್ಯಾನು ಕೊಟ್ಟವರಿಗೂ ಸನ್ಮಾನ. ಆ ಫ್ಯಾನಿನ ಮೂರೂ ರೆಕ್ಕೆಗಳ ಮೇಲೆ ಅವರ ಹೆಸರು ಆಗಲೇ ತಿರುಗುತ್ತಿತ್ತು, ಅದು ಸಾಲದೆ ಹೋಯಿತು. ಒಬ್ಬೊಬ್ಬರ ಗುಣಗಾನದ ಪತ್ರ ಓದುವುದು, ಅವರೆದ್ದು "ಎರಡೇ ಮಾತು" ಎಂದು ಇನ್ನೂರು ಮಾತಾಡುವುದು. ಹರಿವಾಣ ಖಾಲಿಯಾದ ಹಾಗೆಲ್ಲ ಹಿಂದಿನಿಂದ ಯಾರೋ ಮತ್ತೆ ತುಂಬಿ ನನ್ನ ಕೈಗಿಡುತ್ತಿದ್ದರು. ರಟ್ಟೆ ಬಿದ್ದುಹೋಗುವ ಹಾಗಾಗಿತ್ತು.

ಅಬ್ಬಿ ಕೊನೆಯ ಸಾಲಿನ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಮುಂದಿನ ಕುರ್ಚಿಗಳೆಲ್ಲ ದೊಡ್ಡವರಿಗೆಂದು ಖಾಲಿ ಇದ್ದವು. ಹೊತ್ತು ಮುಳುಗುವುದಕ್ಕೆ ಬಂದಾಗ ಅವಳು ಧೈರ್ಯ ಮಾಡಿ ವೇದಿಕೆಯ ಮೆಟ್ಟಿಲಿನ ತನಕ ಬಂದಳು. ಹೆಡ್‌ಮಾಸ್ಟ್ರು ಅಲ್ಲಿಯೇ, ನನ್ನ ಪಕ್ಕದಲ್ಲೇ ನಿಂತಿದ್ದರು.

"ಹ್ವಾಯ್ ಮಾಸ್ಟ್ರೇ, ನಂಗ್ ದೋಣಿಗ್ ಹೋಯ್ಕ್. ಮನೆಯಂಗ್ ಸಣ್ಣ್ ಮಗು ಇತ್ತ್. ಮಗ್ಳ್ ಹೆಸ್ರ್ ಒಂದ್ ಕರ್ದ್ ಬಿಡಿ."

"ಪ್ರೋಗ್ರಾಮಿಗೊಂದ್ ಕ್ರಮ ಇತ್ತಲ್ದಾ ಮಾರಾಯ್ತಿ? ದಾನಿಗ್ಳ್ ಬೇಜಾರ್ ಮಾಡ್ಕಂಡ್ರೆ ಬಪ್ಪ ವರ್ಷ ಬಹುಮಾನ ಕೊಡುದ್ ಯಾರ್?"

ಅಬ್ಬಿಯ ರವಿಕೆಯ ಎದೆ ಒದ್ದೆಯಾಗಿದ್ದುದು ನನಗೆ ಮೇಲಿನಿಂದ ಕಾಣುತ್ತಿತ್ತು. ತಮ್ಮನಿಗೆ ಹಾಲು ಕೊಡುವ ಹೊತ್ತು ಎಂದೋ ಮೀರಿತ್ತು. ಸೆರಗನ್ನು ಮುಂದಕ್ಕೆಳೆದುಕೊಂಡು, ನನ್ನನ್ನೊಮ್ಮೆ ನೋಡಿ, ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದಳು. ಕೈ ಬೀಸೋಣವೆಂದರೆ ನನ್ನೆರಡೂ ಕೈಯಲ್ಲಿ ಯಾರದೋ ಶಾಲು, ಯಾರದೋ ಸೇಬು.

ಅದು ಹೋಗಲಿ ಎನ್ನಿ. ಸನ್ಮಾನವೆಲ್ಲ ಮುಗಿದ ಮೇಲೆ ಮೈಕಿನವರು ಏನೆಂದರು ಗೊತ್ತೇ? ಸಮಯದ ಅಭಾವವಂತೆ! ಗೆದ್ದವರೆಲ್ಲ ಒಟ್ಟಿಗೇ ಬರಬೇಕಂತೆ! ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಧಣಿಗಳು ಫೋಟೋದವನತ್ತ ನೋಡುತ್ತಲೇ ಒಬ್ಬೊಬ್ಬರ ಕೈಗೂ ಡಬ್ಬಿ, ಬಟ್ಟಲು ತುರುಕಿದರು. ಒಂದು ಮಗುವಿನ ಹೆಸರನ್ನೂ ಕರೆಯಲಿಲ್ಲ. ಈ ವಯಸ್ಸಿನಲ್ಲೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಮರುದಿನ ಮನೆಗೆ ಹೋದಾಗ ಅಬ್ಬಿ ಅಂಗಳದಲ್ಲಿ ಬಂಗುಡೆ ಹೆಚ್ಚುತ್ತಿದ್ದಳು. ಡಬ್ಬಿಯನ್ನು ನೋಡಲೇ ಇಲ್ಲ.

"ಹೆಸ್ರ್ ಕರ್ದ್ರಾ?"

"ಕರ್ದ್ರ್ ಅಬ್ಬಿ."

"ಹೆಂಗ್ ಕರ್ದ್ರ್? ಒಂದ್ಸಲ ಹೇಳ್ ಕಾಂಬ."

ನಾನು ಅಂಗಳದ ನಡುವೆ ನಿಂತು, ಮೈಕಿನವರ ಹಾಗೆಯೇ ಗಂಟಲು ಸರಿಮಾಡಿಕೊಂಡು ಕೂಗಿದೆ. "ಏಳನೇ ತರಗತಿ, ಪ್ರಥಮ ಸ್ಥಾನ, ಕುಮಾರಿ ಸುಮತಿ, ಗಂಗೊಳ್ಳಿ!" ಅಬ್ಬಿ ಕತ್ತಿ ಕೆಳಗಿಟ್ಟು, ಮೀನಿನ ಕೈಯಲ್ಲೇ ಚಪ್ಪಾಳೆ ತಟ್ಟಿದಳು.

ನಾನೀಗ ಬ್ಯಾಂಕಿನಲ್ಲಿ ಅಧಿಕಾರಿ. ಮೊನ್ನೆ ಬ್ರಹ್ಮಾವರದ ಕಡೆಯ ಒಂದು ಶಾಲೆಗೆ ಅತಿಥಿಯಾಗಿ ಕರೆದಿದ್ದರು. ಸ್ಟೀಲು ಹೋಗಿ ಹೊಳೆಯುವ ಪದಕ ಬಂದಿದೆ, ತಂದೆತಾಯಿಯರ ಕೈಗೆ ಮೊಬೈಲು ಬಂದಿದೆ. ಹರಿವಾಣ ಹಿಡಿದ ಹುಡುಗಿ ಮಾತ್ರ ಇದ್ದಲ್ಲೇ ಇದ್ದಾಳೆ. "ನಿನ್ ಬಹುಮಾನ ಯಾವಾಗ?" ಎಂದೆ. "ನಿಮ್ದೆಲ್ಲ ಮುಗ್ದ್ ಮೇಲೆ, ಮೇಡಂ" ಎಂದಳು. ಮೊದಲು ಮಕ್ಕಳದ್ದಾಗಲಿ ಎಂದು ನಾನು ಹಟ ಹಿಡಿದರೆ, ಸಂಘಟಕರು ತಮಾಷೆಯೆಂದು ನಕ್ಕು ನನ್ನ ಹೆಗಲಿಗೇ ಶಾಲು ಹೊದಿಸಿದರು.

ಎಷ್ಟೋ ಮೈಕುಗಳು ನನ್ನ ಹೆಸರನ್ನು ಹಿಂದೆ ಮುಂದೆ ವಿಶೇಷಣ ಹಚ್ಚಿ ಕರೆದಿವೆ. ಕೇಳಬೇಕೆಂದು ಹೊಳೆ ದಾಟಿ ಬಂದಿದ್ದವಳು ಈಗ ಇಲ್ಲ. ಬದುಕಿಡೀ ಅವಳು ಕೇಳಿದ್ದು, ಅಂಗಳದಲ್ಲಿ ನಾನೇ ಕೂಗಿಕೊಂಡ ಹೆಸರನ್ನು ಮಾತ್ರ.