ತುಕ್ಕು ಕಾದ ಭೋಜಣ್ಣ

ಭೋಜಣ್ಣ ಮನುಷ್ಯರ ಮುಖ ನೋಡುವ ಮೊದಲು ಅವರ ಕಾರಿನ ಬಾಗಿಲಿನ ಅಡಿಗೆ ಬೆರಳು ಹಾಕುತ್ತಿದ್ದರು. ಮಸ್ಕತ್ತಿನ ಘಾಲಾದಲ್ಲಿದ್ದ ಅವರ ಗ್ಯಾರೇಜಿಗೆ ನಾನು ಮೊದಲ ಸಲ ಹೋದಾಗ, ನಮಸ್ಕಾರಕ್ಕೆಂದು ಎತ್ತಿದ ನನ್ನ ಕೈ ಹಾಗೇ ಉಳಿಯಿತು. ಅವರಾಗಲೇ ಕುಕ್ಕರಗಾಲಲ್ಲಿ ಕೂತು, ಬಾಗಿಲಿನ ಅಂಚು ಸವರಿ, ಕಂದು ಹತ್ತಿದ ಬೆರಳನ್ನು ನನ್ನ ಮೂಗಿನೆದುರು ಹಿಡಿದಿದ್ದರು. ಗಾಜಿನ ಮೇಲಿದ್ದ ಇಂಡಿಯನ್ ಸ್ಕೂಲಿನ ಸ್ಟಿಕ್ಕರ್ ಅವರ ಕಣ್ಣಿಗೆ ಬಿದ್ದಿತ್ತು. "ಇದೆಂತ ಟೀಚರೇ? ಮಕ್ಕಳಿಗೆ ಬುದ್ಧಿ ಹೇಳುವವರ ಕಾರಿಗೇ ತುಕ್ಕಾ? ನಾಚಿಕೆ ಆಗುವುದಿಲ್ವಾ ನಿಮಗೆ?" ಗುರುತು ಪರಿಚಯ ಇಲ್ಲದ ಹೆಂಗಸಿಗೆ ಹೀಗೆ ಹೇಳುವುದುಂಟೇ! ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಕಾರು ಸರಿಯಾಗಿ ಬಂತು, ಮತ್ತೆ ನಾನು ಬೇರೆ ಗ್ಯಾರೇಜಿನ ಮೆಟ್ಟಿಲು ಹತ್ತಲಿಲ್ಲ.

ಮೂಲ್ಕಿ ಕಡೆಯವರು. ಮೀಸೆ ಚಿಗುರುವಾಗಲೇ ಮಸ್ಕತ್ತಿಗೆ ಬಂದು ನೆಗ್ಗಿದ ಕಾರುಗಳ ತಗ್ಗು ಎತ್ತುವ ಕೆಲಸಕ್ಕೆ ಸೇರಿದವರು, ನಾನು ನೋಡುವ ಹೊತ್ತಿಗೆ ಇಡೀ ಗ್ಯಾರೇಜು ಅವರ ಕೈಯಲ್ಲಿತ್ತು. ಕಫೀಲ್, ಅಂದರೆ ಪರವಾನಗಿ ಇದ್ದ ಒಮಾನಿ ಮಾಲೀಕ, ಹೆಸರಿಗೆ ಮಾತ್ರ. ಉಪ್ಪುಗಾಳಿಯ ಈ ಊರಿನಲ್ಲಿ ಅವರಿಗೆ ಇದ್ದ ಒಬ್ಬನೇ ಶತ್ರು ತುಕ್ಕು. "ತುಕ್ಕು, ಸುಳ್ಳು, ಎರಡನ್ನೂ ನಾನು ಒಳಗೆ ಬಿಡುವವನಲ್ಲ ಮಾರಾಯ್ರೆ. ಒಂದು ಮೂಲೆಯಲ್ಲಿ ಸೇರಿತು ಅಂದ್ರೆ ಇಡೀ ಬಾಡಿ ತಿಂದು ಹಾಕ್ತದೆ" ಎನ್ನುತ್ತಿದ್ದರು. ಅವರ ಬಲಗೈ ಉಳ್ಳಾಲದ ಹಮೀದಾಕ, ಪೇಂಟರ್. ಭೋಜಣ್ಣ ಎಲ್ಲಿಗೆ ಬೆರಳು ತೋರಿಸುತ್ತಾರೋ ಅಲ್ಲಿಗೆ ಹಮೀದಾಕ ತುಕ್ಕು ಉಜ್ಜುವ ಮರಳುಕಾಗದ ಹಿಡಿದು ಹಾಜರು. ಇಬ್ಬರೂ ದಿನಾ ಜಗಳ ಆಡುತ್ತಿದ್ದರು, ದಿನಾ ಒಂದೇ ಬುತ್ತಿಯಿಂದ ಉಣ್ಣುತ್ತಿದ್ದರು.

ಅಂಥವರು ಒಂದು ಸಂಜೆ ಫೋನ್ ಮಾಡಿ, "ಟೀಚರೇ, ಒಮ್ಮೆ ಬಂದು ಹೋಗಿ, ಒಂದು ವಿಷಯ ಉಂಟು" ಎಂದರು. ಹೋದೆ. ಆಫೀಸಿನ ಮೇಜಿನ ಮೇಲೆ, ಚಹದ ಫ್ಲಾಸ್ಕಿನ ಪಕ್ಕ, ಬಿಳಿ ಟವೆಲಿನ ಮೇಲೆ ಮಲಗಿದೆ ಕತ್ತಿ! ತೆಂಗಿನಕಾಯಿ ಒಡೆಯುವ ಕತ್ತಿಯಲ್ಲ, ತಲೆ ಹಾರಿಸುವ ಕತ್ತಿ.

"ಅಯ್ಯೋ ದೇವರೇ! ಮಂಡೆ ಸರಿ ಉಂಟಾ ಭೋಜಣ್ಣ? ಪೊಲೀಸರು ಬಂದರೆ?"

"ಕಫೀಲಿಗೆ ಹೇಳಿಯೇ ಇಟ್ಟುಕೊಂಡದ್ದು. ನೀವು ಬೊಬ್ಬೆ ಹಾಕಬೇಡಿ."

ನಿಜ್ವಾ ಪಟ್ಟಣದ ಒಬ್ಬ ಒಮಾನಿ ಮುದುಕರು ತಮ್ಮ ತಂದೆ ಓಡಿಸುತ್ತಿದ್ದ ಹಳೇ ಲ್ಯಾಂಡ್ ರೋವರನ್ನು ತಂದುಕೊಟ್ಟಿದ್ದರಂತೆ. ಅದು ಹೊಸದಾಗಿ ಹೊರಬಂದಾಗ ಅವರಿಗೆ ಅಳುವೇ ಬಂತಂತೆ. ಮರುವಾರ ಈ ಕತ್ತಿ ಹಿಡಿದುಕೊಂಡು ಬಂದು, "ಇದು ನಮ್ಮ ಒಮಾನಿ ಕತ್ತಿ ಸೈಫ್ ಅಲ್ಲ, ಹಡಗಿನಲ್ಲಿ ತಿರುಗುತ್ತಿದ್ದ ನನ್ನ ಅಜ್ಜ ಎಲ್ಲಿಂದಲೋ ತಂದದ್ದು. ಕಬ್ಬಿಣ ಬಲ್ಲವನ ಹತ್ತಿರ ಇರಲಿ" ಎಂದು ಕೊಟ್ಟು ಹೋದರಂತೆ. ಅದರ ಬಾಗು, ಅಂಚಿನುದ್ದಕ್ಕೂ ಇದ್ದ ಬಿಳಿ ಗೆರೆ ನೋಡಿ ಭೋಜಣ್ಣ ಫೋನಿನಲ್ಲಿ ಹುಡುಕಿದ್ದರು. ಜಪಾನಿನ ಕತ್ತಿ.

ಅಲ್ಲಿಂದ ಶುರುವಾಯಿತು ನೋಡಿ ಹುಚ್ಚು. ಇಂಗ್ಲಿಷಿನಲ್ಲಿದ್ದದ್ದನ್ನೆಲ್ಲ ನಾನು ಓದಿ ಹೇಳಬೇಕು. ಮೊದಲ ವಾರವೇ ಹೆಬ್ಬೆರಳಿನಿಂದ ಅಲಗು ಸವರಿ, ಬೆವರಿನ ಗುರುತು ಮೂಡಿದ್ದು ಕಂಡು ಊಟ ಬಿಟ್ಟರು. ಬರಿಗೈಯಲ್ಲಿ ಮುಟ್ಟಬಾರದು ಎಂದು ಆಮೇಲೆ ತಿಳಿಯಿತು. ಮಾತಾಡಿದರೆ ಉಸಿರು ತಾಗಿ ಹಾಳಾಗುತ್ತದೆ ಎಂದು ಗೊತ್ತಾದ ಮೇಲೆ ಬಾಯಲ್ಲಿ ಕರವಸ್ತ್ರ ಕಚ್ಚಿಕೊಂಡು ಕೂರತೊಡಗಿದರು. ಭೋಜಣ್ಣ ಬಾಯಿ ಮುಚ್ಚಿದ್ದನ್ನು ಘಾಲಾ ಅದುವರೆಗೆ ಕಂಡಿರಲಿಲ್ಲ! ಲವಂಗದ ಪರಿಮಳದ ಎಣ್ಣೆ ಸವರಿ ಸವರಿ, ಆಫೀಸೆಲ್ಲ ಹಲ್ಲುನೋವಿನ ಮದ್ದಿನ ವಾಸನೆ. ಟ್ಯೂಬ್‌ಲೈಟಿನ ಕೆಳಗೆ ಅಲಗನ್ನು ಓರೆ ಹಿಡಿದು ಆ ಬಿಳಿ ಗೆರೆ ತೋರಿಸುತ್ತಿದ್ದರು. "ನಕಲಿ ಆದ್ರೆ ಆಸಿಡ್‌ನಲ್ಲಿ ಗೆರೆ ಎಳೆದಿರ್ತಾರೆ, ಬರೀ ಮೇಲ್ಮೇಲೆ. ಇದು ನೋಡಿ, ಒಳಗಿಂದ ಬಂದದ್ದು, ಸಣ್ಣ ಸಣ್ಣ ಕಾಳು ಕಾಣ್ತದಾ?" ನನಗೆ ಕಾಣುತ್ತಿರಲಿಲ್ಲ. ಹೂಂ ಎನ್ನುತ್ತಿದ್ದೆ.

ನಿಜವಾದ ಆಘಾತ ಬೇರೆಯೇ ಇತ್ತು. ಒಂದು ದಿನ ಅವರು ಹಿಡಿಯಲ್ಲಿದ್ದ ಬಿದಿರಿನ ಮೊಳೆಯನ್ನು ಮೆಲ್ಲಗೆ ತಳ್ಳಿ, ಹಿಡಿಯನ್ನು ಕಳಚಿದರು. ಒಳಗಿನ ಉಕ್ಕಿನ ಬುಡ ಪೂರ್ತಿ ತುಕ್ಕು! ಕಪ್ಪು ಕಂದು, ದಪ್ಪ ಪದರ. ಈಗ ಹಮೀದಾಕನನ್ನು ಕರೆಯುತ್ತಾರೆ ಎಂದುಕೊಂಡು ನಾನೇ ಉಗುರು ಹಾಕಲು ಹೋದೆ.

"ಮುಟ್ಟಬೇಡಿ!" ಎಂದು ಕಿರುಚಿದರು. ನಾನು ಹೌಹಾರಿ ಹಿಂದೆ ಸರಿದೆ. "ಇದರ ವಯಸ್ಸು ಇರುವುದೇ ಈ ತುಕ್ಕಿನಲ್ಲಿ ಟೀಚರೇ. ತಿಳಿದವರು ಇದರ ಬಣ್ಣ ನೋಡಿಯೇ ಎಷ್ಟು ಹಳತು ಅಂತ ಹೇಳ್ತಾರಂತೆ. ಇಲ್ಲಿ ನೋಡಿ, ಮಾಡಿದವನ ಹೆಸರು ಕೆತ್ತಿದ್ದುಂಟು. ಉಜ್ಜಿದ್ರೆ ಕತ್ತಿಯ ಕತೆ ಮುಗೀತು."

ಭೋಜಣ್ಣನ ಬಾಯಲ್ಲಿ ತುಕ್ಕಿನ ಗುಣಗಾನ! ನನಗೆ ನಗು ತಡೆಯಲಾಗಲಿಲ್ಲ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹೊರಗೆ ಹೇಳಬೇಡಿ ಮಾರಾಯ್ರೆ. ನಾನು ತುಕ್ಕು ಕಾಯ್ತಾ ಕೂತಿದ್ದೇನೆ ಅಂತ ಹುಡುಗರಿಗೆ ಗೊತ್ತಾದ್ರೆ ನನ್ನ ಮರ್ಯಾದೆ ಉಳೀತದಾ?" ಹಾಗೆ ನಾವಿಬ್ಬರೂ ಯಾರಿಗೂ ಹೇಳಲಿಲ್ಲ, ಹಮೀದಾಕನಿಗೂ.

ದುಕ್ಮ್ ಬಂದರಿನಲ್ಲಿ ಕೆಲಸದಲ್ಲಿದ್ದ ಒಬ್ಬ ಜಪಾನಿ ಇಂಜಿನಿಯರ್ ಇದೇ ಗ್ಯಾರೇಜಿನ ಗಿರಾಕಿ. ಅವರ ಮನೆತನದಲ್ಲಿ ಕತ್ತಿ ಬಲ್ಲವರಿದ್ದರು, ಅವರಿಗೂ ತಿಳಿದಿತ್ತು. ಫೋಟೋ ನೋಡಿ, ಬಹಳ ಹಳೆಯದಿರಬಹುದು, ಆ ಬುಡವನ್ನು ಕಣ್ಣಾರೆ ನೋಡದೆ ಹೇಳಲಾರೆ, ಒಂದಿಷ್ಟೂ ಮುಟ್ಟದೆ ಇಡಿ ಎಂದಿದ್ದರು. ನವರಾತ್ರಿಯ ಶುಕ್ರವಾರ ಗ್ಯಾರೇಜಿನಲ್ಲಿ ಆಯುಧಪೂಜೆ, ಅಂದೇ ಬರುತ್ತೇನೆಂದರು. ಭೋಜಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಇಡೀ ಜನ್ಮ ಹಾಳಾದದ್ದನ್ನೇ ನೋಡಿದ್ದು ಟೀಚರೇ. ಹಾಳಾಗದೆ ಉಳಿದದ್ದೊಂದು ನನ್ನ ಕೈಗೆ ಬಂತು ಅಂತ ಒಬ್ಬ ತಿಳಿದವ ಬಾಯಿಬಿಟ್ಟು ಹೇಳಿದ್ರೆ ಸಾಕು, ನನಗೆ ಬೇರೆಂತದೂ ಬೇಡ."

ಪೂಜೆಯ ದಿನ ಸ್ಪ್ಯಾನರಿನಿಂದ ಕಂಪ್ರೆಸರಿನವರೆಗೆ ಎಲ್ಲ ತೊಳೆದು, ಕುಂಕುಮ ಇಟ್ಟು, ಸೇವಂತಿಗೆ ಸಿಕ್ಕಿಸಿದ್ದರು. ನಡುವೆ ಕೆಂಪು ಬಟ್ಟೆ ಹೊದಿಸಿದ ಕತ್ತಿ. ಮಂಗಳಾರತಿ ಮುಗಿದದ್ದೇ ಹಮೀದಾಕ ಮುಂದೆ ಬಂದರು. ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ. "ಬಾಸ್, ಒಂದು ನಿಮಿಷ" ಎಂದು ಬಟ್ಟೆ ಎತ್ತಿದರು.

ಹಿಡಿ ಪಕ್ಕಕ್ಕಿತ್ತು. ಕತ್ತಿಯ ಬುಡ ಹೊಸ ಸ್ಟೀಲ್ ಲೋಟದ ಹಾಗೆ ಫಳಫಳ ಹೊಳೆಯುತ್ತಿತ್ತು.

ನನ್ನ ಕೈಯಲ್ಲಿದ್ದ ಅವಲಕ್ಕಿ ತಟ್ಟೆ ಜಾರಿ ಬಿತ್ತು. ಯಾರೂ ಗಮನಿಸಲಿಲ್ಲ.

"ಎಷ್ಟು ದಿನದಿಂದ ಇದನ್ನು ಬಿಚ್ಚಿ ಬಿಚ್ಚಿ ನೋಡಿ ಉಸಿರು ಬಿಡ್ತಾ ಇದ್ರಿ! ನನಗೆ ಒಂದು ಮಾತು ಹೇಳ್ಲಿಕ್ಕೆ ಆಗುದಿಲ್ವಾ ಬಾಸ್? ನಾನಿರುವಾಗ ನಿಮ್ಮ ಕತ್ತಿಗೆ ತುಕ್ಕಾ? ಮೊದಲು ಮರಳುಕಾಗದ, ಮತ್ತೆ ಮೆಷಿನ್ ಹಾಕಿದೆ. ಒಂದು ಚುಕ್ಕೆ ಉಂಟಾ ನೋಡಿ!"

ಚುಕ್ಕೆಯೂ ಇರಲಿಲ್ಲ, ಅಕ್ಷರವೂ ಇರಲಿಲ್ಲ.  ಭೋಜಣ್ಣನ ಒಂದು ಕೈ ಮೇಜನ್ನು ಗಟ್ಟಿಯಾಗಿ ಹಿಡಿದಿತ್ತು. ಈಗ ಸಿಡಿಯುತ್ತಾರೆ, ಈಗ ಹಮೀದಾಕನ ಕೆನ್ನೆಗೆ ಬೀಳುತ್ತದೆ ಎಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವರು ಕುಂಕುಮದಲ್ಲಿ ಬೆರಳದ್ದಿ ಆ ಹೊಳೆಯುವ ಬುಡಕ್ಕೆ ಬೊಟ್ಟು ಇಡುತ್ತಿದ್ದರು.

"ಚಂದ ಆಯ್ತು ಹಮೀದೇ" ಎಂದರು. ಅದು ಅವರ ದನಿಯೇ ಅಲ್ಲ.

ಸ್ವಲ್ಪ ಹೊತ್ತಿಗೆ ಜಪಾನಿ ಬಂದರು, ಬಿಳಿ ಕೈಗವಸು ತೊಟ್ಟುಕೊಂಡು ಕತ್ತಿಯ ಮುಂದೆ ನಿಂತರು. ನೋಡಿದರು. ಅವರ ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯಿತು. "ಹೂ ಡಿಡ್ ದಿಸ್?" ಎಂದು ಕೇಳಿದರು.

ಅಷ್ಟು ಇಂಗ್ಲಿಷ್ ಹಮೀದಾಕನಿಗೂ ಬರುತ್ತಿತ್ತು. ಚಹದ ತಟ್ಟೆ ಹಿಡಿದು ನಿಂತಿದ್ದವರು ಹೆಮ್ಮೆಯಿಂದ ಬಾಯಿ ತೆರೆಯುವಷ್ಟರಲ್ಲಿ ಭೋಜಣ್ಣ ಅಡ್ಡ ಬಂದರು. "ಮೀ, ಸರ್. ಐ ಓನ್ಲಿ."

"ಬಟ್ ಯು ನ್ಯೂ!" ಗೊತ್ತಿದ್ದೂ ಹೀಗಾ ಎಂಬಂತೆ ದಿಟ್ಟಿಸಿದರು.

"ಯೆಸ್ ಸರ್. ಐ ನ್ಯೂ."

ಆ ಮನುಷ್ಯ ಕತ್ತಿಗೆ ನಡು ಬಗ್ಗಿಸಿ ನಮಸ್ಕರಿಸಿದರು. ಭೋಜಣ್ಣನ ಮುಖ ನೋಡಲಿಲ್ಲ, ಚಹ ಮುಟ್ಟಲಿಲ್ಲ, ಹೊರಟೇ ಹೋದರು. ಮತ್ತೆಂದೂ ಆ ಗ್ಯಾರೇಜಿಗೆ ಬರಲಿಲ್ಲ. ಆ ನಮಸ್ಕಾರವನ್ನು ಮೆಚ್ಚುಗೆ ಎಂದುಕೊಂಡ ಹಮೀದಾಕ ಮಾತ್ರ ನಗುತ್ತಲೇ ಇದ್ದರು. "ಎಂತ ಬಾಸ್, ಕೆಲಸ ನನ್ನದು, ಹೆಸರು ನಿಮಗಾ?"

"ಒಮ್ಮೆ ನನಗೂ ಹೆಸರು ಬರಲಿ ಮಾರಾಯ" ಎಂದರು ಭೋಜಣ್ಣ.

ನಾನು ಅವರನ್ನು ಆಫೀಸಿನೊಳಗೆ ಎಳೆದುಕೊಂಡು ಹೋಗಿ ಜಾಡಿಸಿದೆ. ಏನು ಕರ್ಮ ಇದು, ಸುಳ್ಳು ಒಳಗೆ ಬಿಡುವವನಲ್ಲ ಅಂತಿದ್ದಿರಲ್ಲ, ಈಗ? ಅವರು ಕುರ್ಚಿಗೆ ಕುಸಿದು, ಕರವಸ್ತ್ರದಿಂದ ಮುಖ ಮುಚ್ಚಿಕೊಂಡು ಅತ್ತರು. ನಾನು ಹೆದರಿಹೋದೆ. ಆಮೇಲೆ ಹೇಳಿದರು: "ಅವ ಪ್ರೀತಿಯಿಂದ ಮಾಡಿದ್ದು. ಗೊತ್ತಾದ್ರೆ ಮತ್ತೆ ಜೀವಮಾನದಲ್ಲಿ ಮರಳುಕಾಗದ ಹಿಡೀಲಿಕ್ಕಿಲ್ಲ. ನೀವು ಅವನಿಗೆ ಹೇಳಬಾರದು, ನನ್ನಾಣೆ."

"ಮತ್ತೆ ಕತ್ತಿ?"

"ತುಕ್ಕು ಪುನಃ ಬರ್ತದೆ. ಒಂದು ಮುನ್ನೂರು ವರ್ಷ ಬೇಕು, ಅಷ್ಟೆ."

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಶಾಲೆಯಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲು ಹಮೀದಾಕನ ಫೋನು. ಮಾತಿಲ್ಲ, ಬರೀ ಬಿಕ್ಕು. ಎತ್ತಿ ನಿಲ್ಲಿಸಿದ ಕಾರಿನ ಕೆಳಗೆ ನಿಂತಿದ್ದ ಹಾಗೇ ಭೋಜಣ್ಣ ಕುಸಿದಿದ್ದರು. ಹೃದಯ ನಿಂತಿತ್ತು. ಹಿಂದಿನ ದಿನವಷ್ಟೇ ನನ್ನ ಬಂಪರಿನ ಬಗ್ಗೆ ಬೈದಿದ್ದರು! ಅಷ್ಟು ಗಟ್ಟಿ ಮನುಷ್ಯ! ಇಂದಿಗೂ ನನಗೆ ನಂಬಿಕೆ ಬಂದಿಲ್ಲ. ಹೆಂಡತಿ ಮಕ್ಕಳಿದ್ದ ಊರಿಗೆ ಪೆಟ್ಟಿಗೆಯಲ್ಲಿ ಹೋದರು.

ಮೊನ್ನೆ ಆಯುಧಪೂಜೆಗೆ ಹಮೀದಾಕನೇ ಕರೆದರು. ಕತ್ತಿ ಈಗ ಅವರ ಬಳಿ ಇದೆ, ಬಾಸ್ ಹಿಂದೆಯೇ ಕೊಟ್ಟಿದ್ದರಂತೆ. ಹಿಡಿ ಕಳಚಿ ನನ್ನ ಮುಂದಿಟ್ಟರು. ಹೊಳೆಯುತ್ತಿದ್ದ ಬುಡದ ಮೇಲೆ ತೆಳ್ಳಗೆ ಕೆಂಪು ಹರಡಿತ್ತು.

"ನೋಡಿ ಟೀಚರೇ. ಕೊಡುವಾಗ ಬಾಸ್ ಒಂದೇ ಮಾತು ಹೇಳಿದ್ದು. ಇದನ್ನು ಇನ್ನು ಉಜ್ಜಬೇಡ, ತುಕ್ಕು ಬಂದ್ರೆ ಬರಲಿ ಅಂತ. ಬಾಸ್ ಬಾಯಲ್ಲಿ ಆ ಮಾತಾ? ನನಗೆ ನಿದ್ರೆ ಬರುದಿಲ್ಲ. ಎಂತಕ್ಕೆ ಹಾಗೆ ಹೇಳಿದ್ದು ಅವರು? ನಿಮಗೆ ಗೊತ್ತುಂಟಾ?"

ಅವರ ಕೈಯಲ್ಲಿ ಮರಳುಕಾಗದವಿತ್ತು.  ಅವರಿಗೆ ಕನ್ನಡ ಓದಲು ಬರುವುದಿಲ್ಲ, ಆ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

"ಗೊತ್ತಿಲ್ಲ ಹಮೀದಾಕ" ಎಂದೆ.

ಅವರು ಆ ಕೆಂಪನ್ನು ತುಂಬ ಹೊತ್ತು ನೋಡಿದರು. "ಆಯ್ತು. ಬಾಸ್ ಹೇಳಿದ್ದಲ್ವಾ" ಎಂದು ಮರಳುಕಾಗದವನ್ನು ಮಡಚಿ ಜೇಬಿಗಿಟ್ಟರು. ಮೆಲ್ಲಗೆ, ಬೆರಳು ತಾಗದ ಹಾಗೆ, ತುಕ್ಕಿನ ಮೇಲೆ ಹಿಡಿ ತೊಡಿಸಿ ಮೊಳೆ ಹಾಕಿದರು.